ಸಾವಿರನೆಯ ತಾನ ಯಾವುದು?

ಸ ರಿ ಗ ಮ ಪ ಧ ನಿ ಎಂಬ ಏಳು ಸ್ವರಗಳನ್ನು, ಯಾವುದನ್ನೂ ಬಿಡದೆ, ಯಾವುದನ್ನೂ ಎರಡು ಸಲ ಬಳಸದೆ, ಎಷ್ಟು ಬಗೆಯಲ್ಲಿ ಜೋಡಿಸಬಹುದು? ಮೊದಲ ಸ್ಥಾನಕ್ಕೆ ಏಳು ಆಯ್ಕೆ, ಎರಡನೆಯದಕ್ಕೆ ಆರು, ಹೀಗೆ ಗುಣಿಸುತ್ತ ಹೋದರೆ 5,040. ಇಷ್ಟನ್ನೂ ತಪ್ಪಿಲ್ಲದೆ ಬರೆಯುವುದು ಹೇಗೆ? ಬರೆಯದೆಯೇ ಸಾವಿರನೆಯದನ್ನು ಹೇಳಬಹುದೆ? ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುವವರು ಇಂದು ಎದುರಿಸುವ ಈ ಪ್ರಶ್ನೆಗಳಿಗೆ 13ನೆಯ ಶತಮಾನದಲ್ಲೇ ಉತ್ತರ ಕೊಟ್ಟವನು ದೇವಗಿರಿಯ ಸೇವುಣ ದೊರೆ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವ. ಅವನ ‘ಸಂಗೀತ ರತ್ನಾಕರ’ಕ್ಕೆ 15ನೆಯ ಶತಮಾನದಲ್ಲಿ ವಿಜಯನಗರದ ಕಲ್ಲಿನಾಥ ವ್ಯಾಖ್ಯಾನ ಬರೆದ.

ಎಲ್ಲ ಜೋಡಣೆಗಳನ್ನೂ ಕ್ರಮವಾಗಿ ಹರಡುವುದಕ್ಕೆ ‘ಪ್ರಸ್ತಾರ’ವೆಂದು ಹೆಸರು. ಇದು ಛಂದಸ್ಸಿನಿಂದ ಬಂದ ಮಾತು. ಗುರು ಲಘುಗಳ ಪ್ರಸ್ತಾರ ಕನ್ನಡಕ್ಕೆ ಹತ್ತನೆಯ ಶತಮಾನದ ನಾಗವರ್ಮನ ‘ಛಂದೋಂಬುಧಿ’ಯಿಂದಲೇ ಪರಿಚಿತ. ಸ್ವರಪ್ರಸ್ತಾರದಲ್ಲಿ ಸ ರಿ ಗ ಎಂಬ ಮೂರೇ ಸ್ವರಗಳಾದರೆ ಸರಿಗ, ರಿಸಗ, ಸಗರಿ, ಗಸರಿ, ರಿಗಸ, ಗರಿಸ ಎಂದು ಆರು ಸಾಲು. ಎಡಬದಿ ಬೇಗ ಬೇಗ ಬದಲಾಗುತ್ತದೆ, ಬಲಬದಿ ನಿಧಾನವಾಗಿ.

ಎಲ್ಲವನ್ನೂ ಬರೆಯುವ ಶ್ರಮ ತಪ್ಪಿಸಲು ‘ಖಂಡಮೇರು’ ಎಂಬ ಕೋಷ್ಟಕವಿದೆ. ಮೊದಲ ಕಂಬಸಾಲಿನಲ್ಲಿ 1. ಎರಡನೆಯದರಲ್ಲಿ 0, 1. ಮೂರನೆಯದರಲ್ಲಿ 0, 2, 4. ನಾಲ್ಕನೆಯದರಲ್ಲಿ 0, 6, 12, 18. ಮುಂದಿನವು ಕ್ರಮವಾಗಿ 24, 120, 720ರಂತೆ ಏರುತ್ತವೆ. ಸಂಖ್ಯೆ ಗೊತ್ತಿದ್ದು ರೂಪ ಹುಡುಕುವುದು ‘ನಷ್ಟ’. ರೂಪ ಗೊತ್ತಿದ್ದು ಸಂಖ್ಯೆ ಹುಡುಕುವುದು ‘ಉದ್ದಿಷ್ಟ’. ಆಯಾ ಮನೆಗಳಲ್ಲಿ ಹರಳಿಟ್ಟು ಲೆಕ್ಕ ಮಾಡುವುದು ಪದ್ಧತಿ.

ಸಾವಿರನೆಯದನ್ನೇ ನೋಡೋಣ. ಏಳನೆಯ ಕಂಬಸಾಲಿನಿಂದ ಹಿಂದಕ್ಕೆ ಬರುತ್ತ, ಪ್ರತಿಯೊಂದರಲ್ಲೂ ಉಳಿದ ಮೊತ್ತಕ್ಕಿಂತ ಕಡಿಮೆಯಾದ ಅತಿ ದೊಡ್ಡ ಸಂಖ್ಯೆಯನ್ನು ಆರಿಸಿ ಕಳೆಯಬೇಕು. ಕೊನೆಗೆ 1 ಉಳಿಯುತ್ತದೆ. 1,000 ಎಂದರೆ 720+240+24+12+2+1+1. 720 ಎರಡನೆಯ ಮನೆಯಲ್ಲಿದೆ. ಆದ್ದರಿಂದ ಸಹಜ ಕ್ರಮದಲ್ಲಿ ಕೊನೆಯಿಂದ ಎರಡನೆಯದಾದ ‘ಧ’ ತಾನದ ಕೊನೆಗೆ ನಿಲ್ಲುತ್ತದೆ. 240 ಮೂರನೆಯ ಮನೆ. ಉಳಿದ ಆರರಲ್ಲಿ ಕೊನೆಯಿಂದ ಮೂರನೆಯದು ‘ಮ’, ಅದು ‘ಧ’ದ ಹಿಂದೆ. ಹೀಗೆಯೇ ಮುಂದುವರಿದರೆ ಉತ್ತರ: ನಿ ಸ ಗ ರಿ ಪ ಮ ಧ. 999 ಸಾಲುಗಳನ್ನು ಬರೆಯುವ ಕೆಲಸ ಏಳು ಹರಳುಗಳಲ್ಲಿ ಮುಗಿಯಿತು.

ಪಾಶ್ಚಾತ್ಯ ಗಣಿತದಲ್ಲಿ ಇದೇ ಬಗೆಯ ಸಂಖ್ಯಾಪದ್ಧತಿಯನ್ನು ಫ್ರಾನ್ಸಿನ ಲೆಸಾಂ 1888ರಲ್ಲಿ ವಿವರಿಸಿದ. ಕಂಪ್ಯೂಟರಿನ ವೇಗವೊಂದೇ ಇಲ್ಲಿ ಸಾಲದು: 20 ವಸ್ತುಗಳ ಎಲ್ಲ ಜೋಡಣೆಗಳನ್ನು ಸೆಕೆಂಡಿಗೆ ಒಂದು ಕೋಟಿಯಂತೆ ಬರೆದರೂ ಏಳು ಸಾವಿರಕ್ಕೂ ಹೆಚ್ಚು ವರ್ಷ ಬೇಕು. ಬೇಕಾದವನ್ನಷ್ಟೇ ಸಂಖ್ಯೆಯಿಂದ ಪಡೆಯುವುದೇ ಜಾಣತನ.

ಇದರ ಉಪಯೋಗ ಹೊಲದವರೆಗೂ ಬರುತ್ತದೆ. ಹಿರಿಯೂರು ಬಳಿಯ ಬಬ್ಬೂರು ಫಾರಂನಂಥ ಕಡೆ ಏಳು ತಳಿಗಳನ್ನು ಏಳು ತಾಕುಗಳಲ್ಲಿ ಪರೀಕ್ಷಿಸುವುದಾದರೆ, ಯಾವ ತಳಿ ಎಲ್ಲಿಗೆ ಎಂಬುದು ಬಿತ್ತುವವರ ಇಷ್ಟಕ್ಕೆ ಬಿಟ್ಟದ್ದಾಗಬಾರದು. ಒಳ್ಳೆಯ ಮಣ್ಣು ಬೇಕೆಂದೇ ಒಂದು ತಳಿಗೆ ಸಿಕ್ಕಿದರೆ, ಆ ಫಲಿತಾಂಶ ನಂಬಿದ ರೈತ ಮೋಸಹೋಗುತ್ತಾನೆ. ಅದೃಷ್ಟದ ಆಯ್ಕೆಯೇ ನ್ಯಾಯವೆಂದು ಇಂಗ್ಲೆಂಡಿನ ಸಂಖ್ಯಾಶಾಸ್ತ್ರಜ್ಞ ಫಿಷರ್ 1935ರ ತನ್ನ ಗ್ರಂಥದಲ್ಲಿ ವಾದಿಸಿದ. 1ರಿಂದ 5,040ರೊಳಗೆ ಒಂದು ಚೀಟಿ ಎತ್ತಿದರೆ ಸಾಕು; ತಳಿಗಳ ಸಾಲನ್ನು ಖಂಡಮೇರುವೇ ಹೇಳಿಬಿಡುತ್ತದೆ.