ನಕ್ಷೆಯೂ ನೆಲವೂ

ನಕ್ಷೆಯೆಂದೊಡನೆ ನಮ್ಮಲ್ಲನೇಕರಿಗೆ ಶಾಲೆಯ ಗೋಡೆಯೋ ತಾಲೂಕು ಕಚೇರಿಯ ಕಡತವೋ ನೆನಪಾಗುವುದು ಸಹಜ. ಈಗ ಅದು ಗೃಹಸ್ಥರ ಮೇಜಿನ ಮೇಲಕ್ಕೂ ಬಂದಿರುವುದು. ಕಡಬದ ಸುತ್ತಲಿನ ಅಡಿಕೆ ತೋಟಗಳಿಗೆ ನೀರಿನ ಪೈಪು ಹಾಕಿಸಿಕೊಡುವುದು ನಮ್ಮ ಮನೆಯ ಚಿಕ್ಕ ಉದ್ಯಮ. ಯಜಮಾನರು ಕೆಲಸದವರೊಡನೆ ತೋಟಕ್ಕೆ ಹೋಗುವರು. ಲೆಕ್ಕಪತ್ರವೂ ನಕ್ಷೆಯೂ ಮನೆಯಲ್ಲಿರುವ ನಮ್ಮ ಪಾಲಿಗೆ ಬಂದಿವೆ.

ಈ ಸೀಮೆಯನ್ನು ಬಲ್ಲವರಿಗೆ ಇದರ ಅಗತ್ಯವನ್ನು ವಿವರಿಸಬೇಕಾದುದಿಲ್ಲ. ಮೇಲೆ ಮುಳಿಹುಲ್ಲಿನ ಗುಡ್ಡ, ಕೆಳಗೆ ತೋಟ, ಅದರಂಚಿಗೆ ತೋಡು. ಸಮತಟ್ಟು ನೆಲವೆಂಬುದು ಅಪರೂಪ. ಹಿಂದೆ ಹೆಜ್ಜೆಯೆಣಿಸಿ ಪೈಪು ತರಿಸುತ್ತಿದ್ದೆವು. ಒಮ್ಮೆ ಹತ್ತು ಸಾಲದೆ ಬರುತ್ತಿತ್ತು, ಇನ್ನೊಮ್ಮೆ ಹತ್ತು ಮಿಕ್ಕುತ್ತಿತ್ತು.

ನಕ್ಷೆಯ ವೃತ್ತಿಪರ ಸಾಫ್ಟ್‌ವೇರುಗಳಲ್ಲಿ ಕೆಲವಕ್ಕೆ ವರ್ಷವರ್ಷವೂ ಹಣ ತೆರಬೇಕು. 2002ರಲ್ಲಿ ಗ್ಯಾರಿ ಶೆರ್ಮನ್ ಎಂಬವರು ಆರಂಭಿಸಿದ ಕ್ಯೂಜಿಐಎಸ್ ಎಂಬುದಕ್ಕಾದರೋ ಬೆಲೆಯೇ ಇಲ್ಲ. ಉಪಗ್ರಹದ ಚಿತ್ರವನ್ನು ಹಾಸಿ, ಅದರ ಮೇಲೆ ಟಾಂಕಿ, ತೋಟ, ಪೈಪಿನ ದಾರಿ ಇವನ್ನು ಬೇರೆಬೇರೆ ಪದರಗಳಾಗಿ ಬರೆಯಬಹುದು. ಗೆರೆಯೆಳೆದರೆ ಉದ್ದ ತಿಳಿಯುವುದು. 6 ಮೀಟರಿನಿಂದ ಭಾಗಿಸಿ, ಏರಿಳಿತಕ್ಕೆಂದು ಸ್ವಲ್ಪ ಸೇರಿಸಿದರೆ ಪೈಪುಗಳ ಸಂಖ್ಯೆ ಕೈಗೆ ಬಂದಂತೆ. ಯಾವ ತೋಟದಲ್ಲಿ ಗೇಟುವಾಲ್ವು ಎಲ್ಲಿದೆ, ಎಂದು ದುರಸ್ತಿಯಾಯಿತು ಎಂಬುದೂ ಅಲ್ಲಿಯೇ ಉಳಿಯುವುದು.

ಇಷ್ಟರಿಂದ ನಮಗೆ ಗರ್ವ ಬಂದಿತೆಂದರೆ ಸುಳ್ಳಲ್ಲ. ಒಂದು ಬೇಸಗೆಯಲ್ಲಿ, ಗುಡ್ಡದ ಟಾಂಕಿಯಿಂದ ತೋಟಕ್ಕಿರುವ ಇಳಿತವನ್ನೂ ನಕ್ಷೆಯಿಂದಲೇ ತೆಗೆದೆವು. 21 ಮೀಟರ್ ಎಂದು ಬಂದಿತು. ಹತ್ತು ಮೀಟರ್ ಇಳಿತಕ್ಕೆ ಚದರ ಸೆಂಟಿಮೀಟರಿಗೆ ಹೆಚ್ಚುಕಡಿಮೆ ಒಂದು ಕೆ.ಜಿ. ಒತ್ತಡ, ಆದುದರಿಂದ 2.5 ಕೆ.ಜಿ.ಯ ಪೈಪು ಸಾಕೆಂದು ನಿಶ್ಚಯಿಸಿದೆವು. ನೀರು ಬಿಟ್ಟ ಮೂರನೆಯ ರಾತ್ರಿ ಕೆಳತುದಿಯಲ್ಲಿ ಪೈಪು ಒಡೆದು, ಟಾಂಕಿ ಬರಿದಾಗಿ, ಕಣಿಯೆಲ್ಲ ಕೆಸರಾಯಿತು. ಅತ್ತೆಯವರು ಗದರಲಿಲ್ಲ. “ಅಳೆದು ನೋಡಿದ್ದೀರಾ?” ಎಂದಷ್ಟೇ ಕೇಳಿದರು. ಪಾರದರ್ಶಕ ಕೊಳವೆಯಲ್ಲಿ ನೀರು ತುಂಬಿ, ಮಟ್ಟ ಹಿಡಿಯುತ್ತ ಇಳಿದರೆ ಸಿಕ್ಕಿದುದು 30 ಮೀಟರ್!

ತಪ್ಪು ಎಲ್ಲಿಂದ ಬಂದಿತು? ನಾವು ಬಳಸಿದ ಎತ್ತರದ ಅಂಕಿಗಳು 2000ನೆಯ ಇಸವಿಯ ಫೆಬ್ರವರಿಯಲ್ಲಿ ಅಮೆರಿಕದ ಎಂಡೆವರ್ ಆಕಾಶನೌಕೆಯು 11 ದಿನ ಹಾರಿ, ರೇಡಾರಿನಿಂದ ಅಳೆದವು. ಆ ಅಲೆಗಳು ದಟ್ಟವಾದ ಮರಗಳ ಕೆಳಗಿನ ನೆಲವನ್ನು ಪೂರ್ತಿಯಾಗಿ ಮುಟ್ಟಲಾರವು. ಬೋಳುಗುಡ್ಡದ ಎತ್ತರ ಸರಿಸುಮಾರಾಗಿಯೇ ದೊರೆಯಿತು. ತೋಟದಲ್ಲಾದರೋ ಅಡಿಕೆಯ ತಲೆಗಳೇ ನೆಲವೆಂದು ಲೆಕ್ಕಕ್ಕೆ ಬಂದವು. ಸಾಲದುದಕ್ಕೆ 30 ಮೀಟರಿಗೊಂದೇ ಅಂಕಿ; ಕಿರಿದಾದ ಕಣಿವೆ ಅದರಲ್ಲಿ ಹೂತುಹೋಗುವುದು.

ನಕ್ಷೆಯನ್ನು ನೆಲವು ತಿದ್ದುವುದು ಹೊಸತೇನಲ್ಲ. 1802ರಲ್ಲಿ ಮದರಾಸಿನಿಂದ ಮೋಜಣಿ ಆರಂಭಿಸಿದ ವಿಲಿಯಂ ಲ್ಯಾಂಬ್ಟನ್ನನು ಮಂಗಳೂರಿನ ಕಡಲವರೆಗೆ ಅಳೆದಾಗ, ಹಳೆಯ ನಕ್ಷೆಗಳಲ್ಲಿ ಸುಮಾರು 400 ಮೈಲಿಯೆಂದಿದ್ದ ಅಂತರವು 360 ಮೈಲಿಯಷ್ಟೇ ಎಂದು ತಿಳಿದುಬಂದಿತು.

ಆ ತೋಟದ ಪೈಪನ್ನು ನಮ್ಮ ಖರ್ಚಿನಿಂದಲೇ 4 ಕೆ.ಜಿ.ಯದಕ್ಕೆ ಬದಲಿಸಿದೆವು. ಆ ವರ್ಷದ ಲಾಭದಲ್ಲಿ ಬಹುಭಾಗ ಅದಕ್ಕೇ ಹೋಯಿತು. ಆದರೂ ನಕ್ಷೆಯನ್ನು ಬಿಡಲಿಲ್ಲ. ಈಗ ದಾರಿಯನ್ನೂ ಉದ್ದವನ್ನೂ ಅದರಿಂದ ತೆಗೆಯುವೆವು. ಇಳಿತವನ್ನು ಮಾತ್ರ ಮಟ್ಟದ ಕೊಳವೆಯಿಂದ ಅಳೆದು, ಆ ಅಂಕಿಯನ್ನೇ ನಕ್ಷೆಯಲ್ಲಿ ಬರೆಯುವೆವು. ಪರದೆಯಲ್ಲಿ ಕಾಣುವ ಸರ್ವೆ ನಂಬರಿನ ಗೆರೆಯನ್ನು ನಂಬಿ ನೆರೆಯವರ ಬೇಲಿಯ ಬಳಿ ಗುಂಡಿ ತೋಡುವುದೂ ಇಲ್ಲ. ಗಡಿಯ ಸಂದೇಹ ಬಂದರೆ ಸರಕಾರಿ ಮೋಜಣಿದಾರರನ್ನೇ ಕರೆಯಿಸುವುದು ಲೇಸು.

ಇಂಥ ಉದ್ಯಮವುಳ್ಳ ಸೋದರಿಯರು ಈ ವಿದ್ಯೆಯನ್ನು ಧೈರ್ಯವಾಗಿ ಕಲಿಯಲಿ. ಆದರೆ ಹಣ ಕಟ್ಟುವ ಮೊದಲು ಒಮ್ಮೆ ಚಪ್ಪಲಿ ಮೆಟ್ಟಿ ತೋಟಕ್ಕೆ ಇಳಿದು ಬರಲಿ.