ಹಳೆಯ ಇನ್ನೋವಾ ಕೊಳ್ಳುವ ಮುನ್ನ

ಅಡಿಕೆ ಮಾರಿದ ಹಣ ಕೈಗೆ ಬಂದೊಡನೆ ನಮ್ಮ ಸದಸ್ಯರಲ್ಲಿ ಹಲವರು ಸಂಘದ ಕಛೇರಿಯಲ್ಲಿ ಕೇಳುವ ಪ್ರಶ್ನೆ ಒಂದೇ: "ಒಂದು ಹಳೆಯ ಇನ್ನೋವಾ ತರೋಣವೆಂದಿದ್ದೇನೆ, ಯಾವ ವರ್ಷದ್ದು ಆದೀತು?" ಮನೆಮಂದಿಯೆಲ್ಲ ಹತ್ತಬೇಕು, ತೋಟದ ರಸ್ತೆಯನ್ನೂ ಏರಬೇಕು ಎನ್ನುವವರಿಗೆ ಈ ಆಸೆ ಸಹಜವೇ. ಆದುದರಿಂದ ಈ ಗಾಡಿಯ ಪೂರ್ವೋತ್ತರವನ್ನು ಇಲ್ಲಿ ವಿವರಿಸಿದ್ದೇನೆ.

ಇನ್ನೋವಾ ಮೊದಲು ಬಂದದ್ದು 2004ರಲ್ಲಿ, ಇಂಡೋನೇಷ್ಯಾದಲ್ಲಿ. ಅಲ್ಲಿ ಅದರ ಹೆಸರು ಕಿಜಾಂಗ್ ಇನ್ನೋವಾ. ನಮ್ಮಲ್ಲಿ ಬಿಡದಿಯ ಕಾರ್ಖಾನೆಯಿಂದ 2005ರಲ್ಲಿ ಹೊರಬಂದು ಕ್ವಾಲಿಸ್‌ನ ಸ್ಥಾನವನ್ನು ಹಿಡಿಯಿತು. ಕ್ವಾಲಿಸ್‌ಗೆ ಹಿಂದುಗಡೆ ಲಾರಿಯಂತೆ ಪಟ್ಟೆಗಳಿದ್ದವು. ಇನ್ನೋವಾಕ್ಕೆ ಸುರುಳಿ ಸ್ಪ್ರಿಂಗ್ ಬಂತು. ಹಿಂದಿನ ಸೀಟಿನಲ್ಲಿ ಕೂತು ಘಟ್ಟ ಇಳಿದ ಅಜ್ಜಿಯರಿಗೆ ವ್ಯತ್ಯಾಸ ಕೂಡಲೆ ತಿಳಿಯಿತು. ಆದರೆ ಗಟ್ಟಿ ಚಾಸಿಸ್ ಮೇಲೆ ಬಾಡಿ ಕೂರಿಸುವ ಕ್ರಮ ಮತ್ತು ಹಿಂದಿನ ಚಕ್ರಗಳಿಗೆ ಎಂಜಿನ್ನಿನ ಎಳೆತ, ಇವೆರಡು ಬದಲಾಗಲಿಲ್ಲ. ಜನ ತುಂಬಿ ಏರು ಹತ್ತುವಾಗ ಭಾರ ಹಿಂದಕ್ಕೆ ವಾಲುತ್ತದೆ. ಎಳೆಯುವ ಚಕ್ರಗಳೂ ಅಲ್ಲೇ ಇರುವುದರಿಂದ ಹಿಡಿತ ಸಿಗುತ್ತದೆ. ಖಾಲಿ ಗಾಡಿಯಾದರೆ ಆಷಾಢದ ಕೆಸರಿನಲ್ಲಿ ಇದೇ ಚಕ್ರ ಗಿರ್ರನೆ ತಿರುಗುವುದೂ ಉಂಟು. ನಾನು ಎರಡು ಮೂಟೆ ಗೊಬ್ಬರ ಹಿಂದೆ ಹಾಕಿಕೊಂಡು ಹೋಗುತ್ತೇನೆ.

ಈ ಮೊದಲ ತಲೆಮಾರು 2016ರವರೆಗೆ ನಡೆಯಿತು. ನಡುವೆ 2009, 2012 ಮತ್ತು 2013ರಲ್ಲಿ ಮುಖ ಬದಲಾಯಿತು. ಗಮನಿಸಿ, ಬದಲಾದದ್ದು ಮುಖ್ಯವಾಗಿ ಜಾಲರಿ, ಬಂಪರ್, ದೀಪ ಮತ್ತು ಒಳಗಿನ ಅಲಂಕಾರ. 2494 ಸಿ.ಸಿ.ಯ ಡೀಸೆಲ್ ಎಂಜಿನ್, ಐದು ಗೇರು, 2750 ಮಿಲಿಮೀಟರ್ ಚಕ್ರಾಂತರ ಕೊನೆಯವರೆಗೂ ಅವೇ. ಮೋಸ ನಡೆಯುವುದು ಇಲ್ಲೇ. ನಮ್ಮ ಸದಸ್ಯರೊಬ್ಬರು 2013ರ ಮುಖ ನೋಡಿ, ಆ ವರ್ಷದ ಬೆಲೆಯನ್ನೇ ದಲ್ಲಾಳಿಯೊಬ್ಬನಿಗೆ ಕೊಟ್ಟು ತಂದ ಗಾಡಿ 2008ರದು. ಮುಂಭಾಗವನ್ನಷ್ಟೇ ಹೊಸದಾಗಿ ಜೋಡಿಸಿದ್ದರು. ಹೆಸರು ವರ್ಗಾಯಿಸಲು ಹೋದಾಗ ಅದರ ಹದಿನೈದು ವರ್ಷದ ನೋಂದಣಿ 2023ರಲ್ಲೇ ಮುಗಿದಿತ್ತು. ತಪಾಸಣೆ, ನವೀಕರಣ, ಹಸಿರು ತೆರಿಗೆ ಎಲ್ಲವೂ ಅವರ ತಲೆಗೇ ಬಂದವು. ಆರ್.ಸಿ.ಯಲ್ಲಿ ತಯಾರಾದ ತಿಂಗಳು, ವರ್ಷ ಇರುತ್ತದೆ. ಮುಂಗಡ ಕೊಡುವ ಮೊದಲೇ ಅದನ್ನು ಓದಿ, ಚಾಸಿಸ್ ಸಂಖ್ಯೆಯೊಡನೆ ತಾಳೆ ನೋಡಿ.

ಇನ್ನೊಂದು ಮಾತು. ಈ ಡೀಸೆಲ್ ಎಂಜಿನ್ನಿಗೆ ಟೈಮಿಂಗ್ ಬೆಲ್ಟ್ ಇದೆ, ಚೈನು ಅಲ್ಲ. ಅದು ತುಂಡಾದರೆ ಪಿಸ್ಟನ್ನು ವಾಲ್ವುಗಳಿಗೆ ಬಡಿದು ಎಂಜಿನ್ ಬಿಚ್ಚಬೇಕಾದೀತು. ಬದಲಿಸಿದ ಬಿಲ್ಲು ತೋರಿಸದಿದ್ದರೆ ಆ ಖರ್ಚನ್ನು ಬೆಲೆಯಲ್ಲಿ ಕಳೆದೇ ಮಾತಾಡಿ. ಆರಂಭದ ಕೆಳದರ್ಜೆಯ ಮಾದರಿಗಳಲ್ಲಿ ಏರ್‌ಬ್ಯಾಗ್ ಇರಲಿಲ್ಲವೆಂಬುದೂ ನೆನಪಿರಲಿ.

2016ರ ಮೇ ತಿಂಗಳಲ್ಲಿ ಬಂದ ಇನ್ನೋವಾ ಕ್ರಿಸ್ಟಾ ಬೇರೆಯೇ ತಲೆಮಾರು. ಚಾಸಿಸ್ ಕ್ರಮ, ಹಿಂದಿನ ಎಳೆತ ಉಳಿದವು. ಎಂಜಿನ್ ಮಾತ್ರ ಹೊಸದು, ಚೈನಿನದು. ಮೂರು ಏರ್‌ಬ್ಯಾಗ್ ಎಲ್ಲ ಮಾದರಿಗಳಿಗೂ ಬಂದವು. 2.4 ಲೀಟರ್ ಡೀಸೆಲ್ಲಿನ ತಿರುಚು ಬಲ 343 ನ್ಯೂಟನ್ ಮೀಟರ್, ಹಳೆಯದರದು 200. ಏರಿನಲ್ಲಿ ಒಂದು ಗೇರು ಉಳಿಯಿತೆಂದೇ ಲೆಕ್ಕ.

2022ರ ಕೊನೆಗೆ ಬಂದ ಹೈಕ್ರಾಸ್‌ಗೆ ಹೆಸರು ಇನ್ನೋವಾ ಎಂದೇ ಇದ್ದರೂ ಮೈ ಬೇರೆ. ಪ್ರತ್ಯೇಕ ಚಾಸಿಸ್ ಇಲ್ಲ, ಡೀಸೆಲ್ ಇಲ್ಲ, ಎಳೆತ ಮುಂದಿನ ಚಕ್ರಗಳಿಗೆ. ಡಾಂಬರು ರಸ್ತೆಗೆ ಅದು ಹೆಚ್ಚು ಸುಖಕರ. ಪೆಟ್ರೋಲಿನೊಡನೆ ವಿದ್ಯುತ್ ಮೋಟಾರೂ ಇರುವ ಮಾದರಿ ಇಂಧನವನ್ನೂ ಉಳಿಸುತ್ತದೆ. ಗೇಟಿನಿಂದ ಮನೆಯವರೆಗೆ ಕಲ್ಲು, ಜಾರು ಇರುವವರು ತುಂಬಿದ ಗಾಡಿಯನ್ನು ಅಲ್ಲಿಯೇ ಓಡಿಸಿ ನೋಡಿ, ಆಮೇಲೆ ತೀರ್ಮಾನಿಸಲಿ. 2023ರಲ್ಲಿ ಕಂಪನಿಯು ಡೀಸೆಲ್ ಕ್ರಿಸ್ಟಾವನ್ನು ಕೈಗೇರಿನೊಡನೆ ಮತ್ತೆ ಮಾರಾಟಕ್ಕೆ ತಂದಿತು. ಹಣ ಸಾಲುವವರು ಆ ವರ್ಷದ ಗಾಡಿಯನ್ನೂ ವಿಚಾರಿಸಬಹುದು.