ಹಳೇ ಜಿಪ್ಸಿಗೆ ಟ್ರಾನ್ಸ್‌ಫರ್ ಕೇಸ್ ಬೇಕಾ? ಕೊಳ್ಳುವ ಮುನ್ನ ಕೈಯಲ್ಲಿ ತಿರುಗಿಸಿ ನೋಡಿ

ಉತ್ಪಾದನೆ ನಿಂತಿರುವ ಮಾರುತಿ ಜಿಪ್ಸಿಗೆ ಹೈದರಾಬಾದ್‌ನ ರಾಣಿಗಂಜ್‌ನಲ್ಲಿ ಬಿಡಿಭಾಗ ಹುಡುಕುವವರು ಒಂದು ವಿಷಯ ಗಮನಿಸಬೇಕು. ಈ ವಾಹನದಲ್ಲಿ ಗೇರ್‌ಬಾಕ್ಸ್ ಬೇರೆ, ಎಂಜಿನ್ ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸ್ ಬೇರೆ. ನಡುವೆ ಒಂದು ಗಿಡ್ಡ ಶಾಫ್ಟ್ ಇರುತ್ತದೆ. ಹಳೇ ಮಹೀಂದ್ರ ಜೀಪಿನಲ್ಲಿ ಎರಡೂ ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ.

ಗೇರ್‌ಬಾಕ್ಸ್ ಗುರುತಿಸುವುದು ಸುಲಭ. 1985ರಲ್ಲಿ ಬಂದ 970 ಸಿಸಿ ಜಿಪ್ಸಿಗೆ 4 ಗೇರ್, 1996ರ ಜಿಪ್ಸಿ ಕಿಂಗ್‌ಗೆ 5. ಜನ ಎಡವುವುದು ಟ್ರಾನ್ಸ್‌ಫರ್ ಕೇಸ್‌ನಲ್ಲಿ. ಹೊರಗಿನಿಂದ ಎರಡೂ ಹೆಚ್ಚುಕಡಿಮೆ ಒಂದೇ ಥರ, ಒಳಗಿನ ಹಲ್ಲಿನ ಲೆಕ್ಕ ಮಾತ್ರ ಬೇರೆ. ಲೋ ರೇಂಜ್‌ನಲ್ಲಿ ಹಳೆಯದರ ಅನುಪಾತ 2.51, ಕಿಂಗ್‌ನದ್ದು 2.27.

ಪತ್ತೆಗೆ ಸೀಮೆಸುಣ್ಣ ಸಾಕು. ಲೋ ರೇಂಜ್‌ಗೆ ಹಾಕಿ, ಫ್ಲ್ಯಾಂಜ್‌ಗಳಿಗೆ ಗುರುತು ಮಾಡಿ, ಗೇರ್‌ಬಾಕ್ಸ್ ಕಡೆಯದನ್ನು ತಿರುಗಿಸಿ. ಹಿಂದಿನ ಚಕ್ರದ ಕಡೆಯ ಫ್ಲ್ಯಾಂಜ್ 4 ಸುತ್ತು ಮುಗಿಸಲು ಸುಮಾರು 10 ಸುತ್ತು ಬೇಕಾದರೆ ಅದು 970 ಸಿಸಿಯದ್ದು, 9 ಸಾಕಾದರೆ ಕಿಂಗ್‌ನದ್ದು.

970 ಸಿಸಿ ಗಾಡಿಗೆ ಕಿಂಗ್‌ನದ್ದನ್ನು ಕೂರಿಸಿದರೆ ಲೋ ರೇಂಜ್ ಎಳೆತ ಸುಮಾರು ಶೇ 10ರಷ್ಟು ತಗ್ಗುತ್ತದೆ. ಮೊದಲೇ ಸಣ್ಣ ಎಂಜಿನ್, ಏರಿನಲ್ಲಿ ತಿಣುಕುತ್ತದೆ. ಆಯಿಲ್ ಡ್ರೈನ್ ಬೋಲ್ಟ್ ಕೂಡ ಬಿಚ್ಚಿಸಿ ನೋಡಿ. ಲೋಹದ ಚೂರುಗಳು ಬಂದರೆ ಆ ಕೇಸ್ ಬೇಡ.